ಮಳೆ ಬಿದ್ದರೆ ಬಿಸಿಯಾಗುವ ಕಾಂಕ್ರೀಟ್

ಬಂದರಿನ ಐಸ್ ಪ್ಲಾಂಟಿಗೆ ಹೋಗಿ 16 ಟನ್ ಐಸ್ ಬೇಕು ಅಂದೆ. ಅಲ್ಲಿದ್ದವರು ತಲೆ ಎತ್ತದೆ ಕೇಳಿದರು, "ಯಾವ ಬೋಟ್?"

"ಬೋಟಿಗಲ್ಲ. ಕಾಂಕ್ರೀಟಿಗೆ."

ಈಗ ತಲೆ ಎತ್ತಿದರು. ಒಳಗೆ ಕೂತಿದ್ದ ಇನ್ನೊಬ್ಬರನ್ನು ಕರೆದರು. "ಇವರು ಸಿಮೆಂಟಿಗೆ ಐಸ್ ಹಾಕ್ತಾರಂತೆ ಮಾರಾಯ್ರೆ." ಇಬ್ಬರೂ ನನ್ನನ್ನೇ ನೋಡಿದರು. ನಾನು ಹೆಲ್ಮೆಟ್ ಕೈಯಲ್ಲಿ ಹಿಡಿದು, ಮೀನಿನ ನೀರಿನಲ್ಲಿ ಚಪ್ಪಲಿ ಅದ್ದಿಕೊಂಡು ನಿಂತಿದ್ದೆ. ಬ್ಲಾಕ್ ಬೇಕಾ, ಪುಡಿ ಬೇಕಾ ಅಂತ ಕೇಳಿದರು. ಪುಡಿ ಅಂದೆ. "ಹಾಗಾದ್ರೆ ಬಂಗುಡೆಗೆ ಹಾಕುವ ಹಾಗೆಯೇ" ಅನ್ನುತ್ತಾ ಬರೆದುಕೊಂಡರು.

ಮೂರು ವರ್ಷದ ಹಿಂದಿನ ಮಾತು. ಮೇ ತಿಂಗಳ ಕೊನೆಯ ವಾರ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ರಜೆ ಅಲ್ವಾ, ಬೋಟುಗಳು ಒಂದೊಂದಾಗಿ ದಕ್ಕೆಗೆ ವಾಪಸ್ ಬರುತ್ತಿದ್ದವು. ಹಾಗಾಗಿ ನಮಗೆ ಅಷ್ಟು ಐಸ್ ಸಿಕ್ಕಿತು. ಸೀಸನ್ ಮಧ್ಯದಲ್ಲಿ ಕೇಳಿದ್ದರೆ ಬೈದು ಕಳಿಸುತ್ತಿದ್ದರು.

ನಾನು ಸ್ಟ್ರಕ್ಚರಲ್ ಇಂಜಿನಿಯರ್. ಮಂಗಳೂರಿನಲ್ಲಿ ಐದು ಜನರ ಒಂದು ಸಣ್ಣ ಡಿಸೈನ್ ಆಫೀಸಿನಲ್ಲಿ ಕೆಲಸ. ಕದ್ರಿ ಕಡೆ ಒಂದು ಎತ್ತರದ ಕಟ್ಟಡಕ್ಕೆ ರಾಫ್ಟ್ ಹಾಕಬೇಕಿತ್ತು. ಅಂದರೆ ಇಡೀ ಕಟ್ಟಡ ಕೂರುವ ಕಾಂಕ್ರೀಟ್ ಮಣೆ. 16 ಮೀಟರ್ ಉದ್ದ, 14 ಮೀಟರ್ ಅಗಲ, 1.8 ಮೀಟರ್ ದಪ್ಪ. ಸುಮಾರು 400 ಘನ ಮೀಟರ್. ಮಿಕ್ಸರ್ ಲಾರಿ ಲೆಕ್ಕದಲ್ಲಿ 67 ಟ್ರಿಪ್. ಒಮ್ಮೆ ಶುರು ಮಾಡಿದರೆ ಮಧ್ಯೆ ನಿಲ್ಲಿಸುವ ಹಾಗಿಲ್ಲ.

ಸಿಮೆಂಟ್ ನೀರಿನ ಜೊತೆ ಸೇರಿ ಗಟ್ಟಿಯಾಗುವಾಗ ಬಿಸಿ ಬಿಡುತ್ತದೆ. ನಮ್ಮವರ ಬಾಯಿಲೆಕ್ಕ ಹೀಗೆ: ಒಂದು ಘನ ಮೀಟರ್ ಕಾಂಕ್ರೀಟಿನಲ್ಲಿ ಇರುವ ಪ್ರತಿ 100 ಕಿಲೋ ಸಿಮೆಂಟಿಗೆ ಸುಮಾರು 12 ಡಿಗ್ರಿ ಏರುತ್ತದೆ. 400 ಕಿಲೋ ಇದ್ದರೆ 48 ಡಿಗ್ರಿ. ನಮ್ಮ ಮೇ ತಿಂಗಳಲ್ಲಿ ಕಾಂಕ್ರೀಟ್ ಲಾರಿಯಿಂದ ಇಳಿಯುವಾಗಲೇ 34 ಡಿಗ್ರಿ. ಕೂಡಿಸಿ ನೋಡಿ, 80 ದಾಟುತ್ತದೆ. 70 ದಾಟಬಾರದು ಅನ್ನುವುದು ಸಾಮಾನ್ಯ ನಿಯಮ. ದಾಟಿದರೆ ಆ ಕಾಂಕ್ರೀಟಿಗೆ ವರ್ಷಗಳ ನಂತರ ಒಳಗಿಂದ ಊದಿಕೊಳ್ಳುವ ಕಾಯಿಲೆ ಬರಬಹುದು.

ಅದಕ್ಕೆ ಎರಡು ಮದ್ದು. ಅರ್ಧ ಸಿಮೆಂಟ್ ತೆಗೆದು ಅದರ ಜಾಗಕ್ಕೆ ಉಕ್ಕಿನ ಕಾರ್ಖಾನೆಯ ಸ್ಲ್ಯಾಗ್ ಪುಡಿ ಹಾಕುವುದು ಒಂದು. ಕಲಸುವ ನೀರಿನಲ್ಲಿ ಒಂದಷ್ಟು ಭಾಗವನ್ನು ಐಸ್ ರೂಪದಲ್ಲಿ ಹಾಕುವುದು ಇನ್ನೊಂದು. ಘನ ಮೀಟರಿಗೆ 40 ಕಿಲೋ ಐಸ್ ಹಾಕಿದರೆ ಏಳು ಡಿಗ್ರಿಯಷ್ಟು ಇಳಿಯುತ್ತದೆ. ಬಹುಪಾಲು ಐಸ್ ಕರಗುವುದಕ್ಕೇ ಹಿಡಿಯುವ ಶಾಖ ಅದು. ಬರೀ ತಣ್ಣೀರು ಹಾಕಿದರೆ ಇಷ್ಟು ಸಿಗುವುದಿಲ್ಲ.

ಇದೆಲ್ಲ ಗೊತ್ತಿದ್ದ ವಿಷಯವೇ. ನಾನು ಬರೆಯಲು ಕೂತದ್ದು ಇದರ ಬಗ್ಗೆ ಅಲ್ಲ. ಕಾಂಕ್ರೀಟ್ ಹಾಕಿದ ಮೇಲೆ ಒಂದೊಂದು ಗಂಟೆಯಲ್ಲೂ ಒಳಗೆ ಏನಾಗುತ್ತದೆ ಅಂತ ಲೆಕ್ಕ ಹಾಕಲು ಹೋಗಿ ನಾನು ಬಿದ್ದ ಗುಂಡಿಯ ಬಗ್ಗೆ.

ಇದಕ್ಕೂ ಮೊದಲು ಬೇರೊಂದು ಸೈಟಿನಲ್ಲಿ ಒಂದೂವರೆ ಮೀಟರ್ ದಪ್ಪದ ಪೈಲ್ ಕ್ಯಾಪ್ (ನೆಲದೊಳಗೆ ಇಳಿಸಿದ ಕಂಬಗಳ ತಲೆಯ ಮೇಲೆ ಹಾಕುವ ಕಾಂಕ್ರೀಟ್ ಗಟ್ಟಿ) ಮೇಲೆ ಬಿರುಕು ಬಂದಿತ್ತು. ನಾಲ್ಕನೇ ದಿನ ಬೆಳಿಗ್ಗೆ ನೋಡಿದರೆ ಮೇಲ್ಮೈಯಲ್ಲಿ ಜೇಡರ ಬಲೆಯ ಹಾಗೆ ಗೆರೆಗಳು. ಕಂಟ್ರಾಕ್ಟರು ಸಿಮೆಂಟ್ ಸರಿ ಇಲ್ಲ ಅಂದರು. ಸಿಮೆಂಟಿನವರು ಕ್ಯೂರಿಂಗ್ ಸರಿ ಇಲ್ಲ ಅಂದರು. ನಾನು ಲೆಕ್ಕ ತೆಗೆದು ತೋರಿಸಿದೆ. ಕೊನೆಗೆ ಎಲ್ಲ ತಣಿದ ಮೇಲೆ ಎಷ್ಟು ಕುಗ್ಗುತ್ತದೆ, ಎಷ್ಟು ಎಳೆತ ಬರುತ್ತದೆ, ಅದಕ್ಕೆ ಎಷ್ಟು ಕಬ್ಬಿಣ ಬೇಕು, ಎಲ್ಲ ಸರಿ ಇತ್ತು. ಬಿರುಕಿಗೆ ಕಾರಣವೇ ಸಿಗಲಿಲ್ಲ. ನಮ್ಮ ಸರ್ ಕಾಗದ ನೋಡಿ ಒಂದೇ ಮಾತು ಹೇಳಿದರು. "ನೀನು ಊರಿಗೆ ಮುಟ್ಟಿದ ಮೇಲಿನ ಲೆಕ್ಕ ಮಾಡಿದ್ದಿ. ಬಸ್ ಪಲ್ಟಿ ಆದದ್ದು ಪಡುಬಿದ್ರಿಯಲ್ಲಿ."

ಅಷ್ಟೇ ವಿಷಯ. ಕೊನೆಯ ಸ್ಥಿತಿಯಲ್ಲಿ ಯಾರಿಗೂ ತೊಂದರೆ ಇಲ್ಲ. ಆಗುವುದೆಲ್ಲ ದಾರಿಯಲ್ಲಿ.

ಆಟಿ ತಿಂಗಳಲ್ಲಿ ಅಮ್ಮ ಕಟಪಾಡಿಯ ಮನೆಯಲ್ಲಿ ಪತ್ರೊಡೆ ಮಾಡುವುದನ್ನು ನೋಡಿದರೆ ಇದರ ಅರ್ಧ ಅರ್ಥವಾಗುತ್ತದೆ. ಕೆಸುವಿನ ಎಲೆಯ ಸುರುಳಿ ಸ್ವಲ್ಪ ದಪ್ಪ ಆಯಿತು ಅನ್ನಿ, ಇಡ್ಲಿ ಪಾತ್ರೆಯಲ್ಲಿ ಎಷ್ಟು ಹೊತ್ತು ಇಟ್ಟರೂ ನಡು ಭಾಗ ಹಸಿ. ತಿಂದವರಿಗೆ ಗಂಟಲು ತುರಿಕೆ. ದಪ್ಪ ಎರಡು ಪಟ್ಟಾದರೆ ಬೇಯುವ ಹೊತ್ತು ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಶಾಖ ಒಳಗೆ ಇಳಿಯುವ ಹೊತ್ತು ದೂರದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಹೊರಗೆ ಬರುವುದಕ್ಕೂ ಅದೇ ಲೆಕ್ಕ. ಆರು ಇಂಚಿನ ಮನೆ ಸ್ಲ್ಯಾಬು ಎರಡೂ ಕಡೆಯಿಂದ ತನ್ನ ಬಿಸಿ ಬಿಡಲು ಹೆಚ್ಚುಕಮ್ಮಿ ಎರಡು ಗಂಟೆ ಸಾಕು. ನಡು ಭಾಗ ಒಂದು ಮೀಟರ್ ಆಳದಲ್ಲಿ ಇದ್ದರೆ ಎರಡು ವಾರ. ಅಮೆರಿಕದ ಹೂವರ್ ಅಣೆಕಟ್ಟು ಕಟ್ಟುವಾಗ ಕಾಂಕ್ರೀಟಿನೊಳಗೇ ಪೈಪು ಹೂತು ತಣ್ಣೀರು ಹರಿಸಿದ್ದು ಸುಮ್ನೆ ಅಲ್ಲ.

ಹಾಗಾಗಿ ಸ್ಲ್ಯಾಬು ಹಾಕಿದವರ ಅನುಭವ ರಾಫ್ಟಿಗೆ ಬರುವುದಿಲ್ಲ. ಸ್ಲ್ಯಾಬು ಬಿಸಿಯಾಗುವುದರೊಳಗೆ ತಣಿದಿರುತ್ತದೆ. ರಾಫ್ಟಿನ ನಡು ಮೂರನೇ ದಿನ 65 ಡಿಗ್ರಿ ಇದ್ದರೆ, ಮೇಲ್ಮೈ ಗಾಳಿಗೆ ಒಡ್ಡಿಕೊಂಡು 35ಕ್ಕೆ ಇಳಿದಿರುತ್ತದೆ. ನಡು ಹಿಗ್ಗಬೇಕು ಅನ್ನುತ್ತದೆ, ಮೇಲ್ಮೈ ಕುಗ್ಗಬೇಕು ಅನ್ನುತ್ತದೆ. ಎರಡೂ ಅಂಟಿಕೊಂಡಿವೆ. ಎಳೆತ ಬೀಳುವುದು ಮೇಲ್ಮೈಗೆ. ಕಾಂಕ್ರೀಟ್ ಮೀಟರಿಗೆ, ಡಿಗ್ರಿಗೆ ಸುಮಾರು 10 ಮೈಕ್ರಾನ್ ಹಿಗ್ಗುತ್ತದೆ. 20 ಡಿಗ್ರಿ ವ್ಯತ್ಯಾಸ ಇದ್ದರೆ 200 ಮೈಕ್ರಾನ್. ಪೂರ್ತಿ ಹಿಡಿದಿಟ್ಟರೆ ಎಳೆ ಕಾಂಕ್ರೀಟಿನಲ್ಲಿ 4 ಮೆಗಾಪ್ಯಾಸ್ಕಲ್ ಎಳೆತ. ಅದು ತಡೆಯುವುದು 2ರ ಆಸುಪಾಸು. ಹೊಸ ಕಾಂಕ್ರೀಟ್ ಸ್ವಲ್ಪ ಜಾರಿಕೊಂಡು ಅರ್ಧದಷ್ಟು ಎಳೆತ ಸಡಿಲ ಮಾಡಿಕೊಳ್ಳುವುದರಿಂದ ಬಚಾವ್. ನಡುವಿಗೂ ಮೇಲ್ಮೈಗೂ 20 ಡಿಗ್ರಿಗಿಂತ ಹೆಚ್ಚು ಅಂತರ ಬೇಡ ಅನ್ನುವ ನಿಯಮಕ್ಕೆ ಅರ್ಥ ಇದು.

ಇದರಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಬಿಸಿ ಏರುವಾಗ ಕಾಂಕ್ರೀಟ್ ಇನ್ನೂ ಮೆತ್ತಗೆ ಇರುತ್ತದೆ. ಹಿಗ್ಗಿದರೂ ಹೆಚ್ಚು ಒತ್ತಡ ಕೂಡಿಡುವುದಿಲ್ಲ. ತಣಿಯುವಾಗ ಗಟ್ಟಿಯಾಗಿರುತ್ತದೆ. ಅಷ್ಟೇ ಡಿಗ್ರಿ ಇಳಿದರೂ ಎಳೆತ ಜಾಸ್ತಿ. ಏರಿದ್ದೂ ಇಳಿದದ್ದೂ ಒಂದೇ ಅಂತ ಕಳೆದು ಸೊನ್ನೆ ಬರೆಯುವ ಹಾಗಿಲ್ಲ. ಯಾವ ಗಂಟೆಗೆ ಎಷ್ಟು ಗಟ್ಟಿ, ಯಾವ ಗಂಟೆಗೆ ಎಷ್ಟು ಬಿಸಿ, ಎರಡನ್ನೂ ಜೊತೆಯಾಗಿ ನಡೆಸಿಕೊಂಡು ಹೋಗಬೇಕು. ಇದನ್ನು ನಾವು ಟ್ರಾನ್ಸಿಯೆಂಟ್ ಅನಾಲಿಸಿಸ್ ಅನ್ನುತ್ತೇವೆ.

ಇಂಥ ಕೆಲಸಕ್ಕೆ ಫೈನೈಟ್ ಎಲಿಮೆಂಟ್ ವಿಧಾನ ಹೇಳಿ ಮಾಡಿಸಿದ್ದು. ದೊಡ್ಡ ವಸ್ತುವನ್ನು ಸಣ್ಣ ತುಂಡುಗಳಾಗಿ ಕತ್ತರಿಸಿ, ಪ್ರತಿ ತುಂಡಿನೊಳಗೆ ತಾಪಮಾನ ಒಂದು ಸರಳ ಗೆರೆಯ ಹಾಗೆ ಬದಲಾಗುತ್ತದೆ ಅಂತ ಒಪ್ಪಿಕೊಂಡು, ತುಂಡುಗಳು ಸೇರುವ ಬಿಂದುಗಳಲ್ಲಿ, ಅಂದರೆ ನೋಡ್‌ಗಳಲ್ಲಿ, ಲೆಕ್ಕ ಮಾಡುವುದು. 1956ರಲ್ಲಿ ಟರ್ನರ್, ಕ್ಲಫ್, ಮಾರ್ಟಿನ್, ಟಾಪ್ ಅನ್ನುವ ನಾಲ್ವರು ವಿಮಾನದ ರೆಕ್ಕೆಯ ಸಲುವಾಗಿ ಬರೆದ ಲೇಖನದಿಂದ ಇದು ಇಂಜಿನಿಯರುಗಳ ಕೈಗೆ ಬಂತು. ಹೆಸರು ಇಟ್ಟದ್ದು ಕ್ಲಫ್, 1960ರಲ್ಲಿ. ನನಗೆ ಇಷ್ಟವಾದ ಸಂಗತಿ ಬೇರೆ. ಸಿವಿಲ್ ಕೆಲಸದಲ್ಲಿ ಈ ವಿಧಾನ ಮೊದಮೊದಲು ಹಿಡಿದ ದೊಡ್ಡ ಕೇಸುಗಳಲ್ಲಿ ಒಂದು ಅಮೆರಿಕದ ಅರ್ಕಾನ್ಸಾದ ನಾರ್ಫೋರ್ಕ್ ಅಣೆಕಟ್ಟು. ಕ್ಲಫ್ ಮತ್ತು ಅವರ ಶಿಷ್ಯ ವಿಲ್ಸನ್ ಅದನ್ನು ಲೆಕ್ಕ ಹಾಕಿದರು. ಯಾಕೆ? ಅದರಲ್ಲಿ ಬಿರುಕು ಬಂದಿತ್ತು. ಕಟ್ಟುವಾಗ ತಣಿದು ಬಂದ ಬಿರುಕು. ನನ್ನ ಪೈಲ್ ಕ್ಯಾಪಿನ ಅಜ್ಜ ಅನ್ನಬಹುದು. 1966ರಲ್ಲಿ ಅದೇ ವಿಲ್ಸನ್, ನಿಕೆಲ್ ಜೊತೆ ಸೇರಿ, ಶಾಖ ಹರಿಯುವುದಕ್ಕೇ ಫೈನೈಟ್ ಎಲಿಮೆಂಟ್ ಬಳಸುವ ಕ್ರಮ ಬರೆದರು.

ಕದ್ರಿಯ ರಾಫ್ಟಿಗೆ ನಾನೇ ಪೈಥಾನ್ ಅನ್ನುವ ಕಂಪ್ಯೂಟರ್ ಭಾಷೆಯಲ್ಲಿ ಸಣ್ಣ ಪ್ರೋಗ್ರಾಂ ಬರೆದೆ. 14 ಮೀಟರ್ ಅಗಲದ ಮುಂದೆ 1.8 ಮೀಟರ್ ದಪ್ಪ ಸಣ್ಣದು, ಹಾಗಾಗಿ ನಡು ಭಾಗದಲ್ಲಿ ಶಾಖ ಮೇಲೆ ಕೆಳಗೆ ಮಾತ್ರ ಹರಿಯುತ್ತದೆ ಅಂದುಕೊಳ್ಳಬಹುದು. ಮೇಲಿನಿಂದ ಕೆಳಗೆ 18 ತುಂಡು, ಒಂದೊಂದು 10 ಸೆಂಟಿಮೀಟರ್. ಪುಸ್ತಕದಲ್ಲಿ ಇದ್ದ ಹಾಗೆಯೇ ಪ್ರತಿ ತುಂಡಿಗೂ ಮ್ಯಾಟ್ರಿಕ್ಸ್, ಅಂದರೆ ಅಂಕೆಗಳ ಚೌಕ, ಬರೆದೆ. ಶಾಖ ಹರಿಯುವ ಲೆಕ್ಕಕ್ಕೆ 1, ಮೈನಸ್ 1, ಮೈನಸ್ 1, 1. ಶಾಖ ಹಿಡಿದಿಟ್ಟುಕೊಳ್ಳುವ ಲೆಕ್ಕಕ್ಕೆ 2, 1, 1, 2, ಎಲ್ಲವನ್ನೂ 6ರಿಂದ ಭಾಗಿಸಿ. ಟೈಮ್ ಸ್ಟೆಪ್, ಅಂದರೆ ಎಷ್ಟು ಹೊತ್ತಿಗೊಮ್ಮೆ ಲೆಕ್ಕ ಮಾಡಬೇಕು ಅನ್ನುವುದು, 60 ಸೆಕೆಂಡು ಇಟ್ಟೆ. ಕಂಪ್ಯೂಟರು ತಾನೇ ಮಾಡುವುದು, ನನ್ನ ಗಂಟು ಏನು ಹೋಗುತ್ತದೆ? ಸಣ್ಣ ಸ್ಟೆಪ್ ಇಟ್ಟಷ್ಟೂ ಒಳ್ಳೆಯದು ಅಂತ ನಂಬಿಕೆ.

ಆ ನಂಬಿಕೆಯ ಮೂಲವೂ ಗೊತ್ತು. ಕಾಲೇಜಿನಲ್ಲಿ ಪ್ರಾಜೆಕ್ಟಿಗೆ ನಾನು ಮಾಡಿದ್ದು ಡಿಕ್ಕಿಯ ಲೆಕ್ಕ. ಉಕ್ಕಿನ ತಗಡಿಗೆ ಏನಾದರೂ ಬಂದು ಬಡಿದರೆ ಏನಾಗುತ್ತದೆ ಅಂತ. ಉಕ್ಕಿನೊಳಗೆ ಅಲೆ ಸೆಕೆಂಡಿಗೆ ಸುಮಾರು 5,000 ಮೀಟರ್ ಓಡುತ್ತದೆ. ತುಂಡು 5 ಮಿಲಿಮೀಟರ್ ಇದ್ದರೆ ಅಲೆ ಅದನ್ನು ದಾಟಲು ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು ಸಾಕು. ಆ ಬಗೆಯ ಲೆಕ್ಕದಲ್ಲಿ ಸ್ಟೆಪ್ ಅದಕ್ಕಿಂತ ದೊಡ್ಡದಾದರೆ ಉತ್ತರ ಸಿಡಿದು ಆಕಾಶಕ್ಕೆ ಹೋಗುತ್ತದೆ. ಕೂರಾಂಟ್, ಫ್ರೀಡ್ರಿಕ್ಸ್, ಲೆವಿ 1928ರಲ್ಲೇ ಹೇಳಿದ ಮಾತು ಇದು. ಈ ಕೂರಾಂಟ್ ಅವರೇ 1943ರಲ್ಲಿ ತ್ರಿಕೋನ ತುಂಡುಗಳ ಮೇಲೆ ಲೆಕ್ಕ ಮಾಡುವ ದಾರಿ ತೋರಿಸಿದ್ದು. ಆ ಪ್ರಾಜೆಕ್ಟು ಎಷ್ಟು ಸಲ ಸಿಡಿಯಿತು ಅಂದರೆ, ಸ್ಟೆಪ್ ಸಣ್ಣದು ಮಾಡು ಅನ್ನುವುದು ನನಗೆ ಮಂತ್ರವೇ ಆಗಿಹೋಗಿತ್ತು.

ಮೊದಲ ಮೂರು ದಿನದ ಲೆಕ್ಕ ಚೆನ್ನಾಗಿ ಬಂತು. ಆಮೇಲೆ ನಮ್ಮ ಊರಿನ ಅಸಲಿ ಭಯವನ್ನು ಹಾಕಿದೆ. ಮೂರನೇ ರಾತ್ರಿ ಮಳೆ ಬಂದು ಮೇಲ್ಮೈ ಒಮ್ಮೆಲೇ 20 ಡಿಗ್ರಿ ಇಳಿದರೆ?

ಗ್ರಾಫ್ ನೋಡಿದೆ. ಮೇಲ್ಮೈ 20 ಡಿಗ್ರಿ ಇಳಿದಿತ್ತು, ಸರಿ. ಅದರ ಕೆಳಗಿನ ನೋಡ್, 10 ಸೆಂಟಿಮೀಟರ್ ಆಳದ್ದು, 5 ಡಿಗ್ರಿ ಏರಿತ್ತು.

ಸಿಮೆಂಟ್ ಇನ್ನೂ ಬಿಸಿ ಬಿಡುತ್ತಿದೆಯಲ್ಲ, ಅದರಿಂದ ಇರಬಹುದು ಅಂತ ಸಮಾಧಾನ ಮಾಡಿಕೊಂಡೆ. ಆದರೆ ಒಂದು ನಿಮಿಷದಲ್ಲಿ 5 ಡಿಗ್ರಿಯಾ? ಸಿಮೆಂಟಿನ ಬಿಸಿಯನ್ನೇ ಸೊನ್ನೆ ಮಾಡಿ ಮತ್ತೆ ಓಡಿಸಿದೆ. ಆಗಲೂ 5 ಡಿಗ್ರಿ ಏರಿಕೆ. ಅದರ ಕೆಳಗಿನದು ಒಂದೂಕಾಲು ಡಿಗ್ರಿ ಇಳಿಕೆ. ಅದರ ಕೆಳಗಿನದು ಒಂಚೂರು ಏರಿಕೆ. ಏರಿಳಿತ ಹಲ್ಲು ಹಲ್ಲಾಗಿ ಕೆಳಗಿಳಿಯುತ್ತಿತ್ತು. ಸ್ಟೆಪ್ ಇನ್ನೂ ಸಣ್ಣದು ಮಾಡಿದೆ, 10 ಸೆಕೆಂಡು. ಹಲ್ಲು ಇನ್ನೂ ಚೂಪಾಯಿತು. ಮಂತ್ರ ಹೇಳಿದಷ್ಟೂ ಭೂತ ಜೋರಾಗುತ್ತಿತ್ತು.

ಸರ್ ಹಿಂದೆ ಬಂದು ನಿಂತದ್ದು ನನಗೆ ಗೊತ್ತಾಗಲಿಲ್ಲ. "ಎಂತ ಮಾರಾಯ್ತಿ, ನಿನ್ನ ಕಾಂಕ್ರೀಟು ಮಳೆಗೆ ಬಿಸಿಯಾಗ್ತದಾ?"

ಮಧ್ಯಾಹ್ನ ಊಟಕ್ಕೂ ಹೋಗದೆ ಕೂತು ಹುಡುಕಿದೆ. ಸಂಜೆ ಗೊತ್ತಾಯಿತು. ಹುಳುಕು ಪ್ರೋಗ್ರಾಮಿನದ್ದಲ್ಲ, ನನ್ನದು.

ಒಂದು ನಿಮಿಷದಲ್ಲಿ ಮೇಲಿನ ತಂಪು ಕಾಂಕ್ರೀಟಿನೊಳಗೆ ಎಷ್ಟು ಆಳ ಇಳಿಯುತ್ತದೆ? ಸುಮಾರು 7 ಮಿಲಿಮೀಟರ್. ನನ್ನ ತುಂಡು 100 ಮಿಲಿಮೀಟರ್. ನಿಜದಲ್ಲಿ ಮೇಲಿನ 7 ಮಿಲಿಮೀಟರ್ ಮಾತ್ರ ತಣಿದಿದೆ, ಉಳಿದ 93ಕ್ಕೆ ಸುದ್ದಿಯೇ ಮುಟ್ಟಿಲ್ಲ. ಆದರೆ ತುಂಡಿನೊಳಗೆ ಸರಳ ಗೆರೆಯನ್ನು ಮಾತ್ರ ಎಳೆಯಬಹುದು ಅಂತ ನಾನೇ ಕಟ್ಟು ಮಾಡಿದ್ದೇನೆ. ಮೇಲಿನ ತುದಿ 20 ಡಿಗ್ರಿ ಕೆಳಗೆ ಇದ್ದರೆ ಸರಳ ಗೆರೆಯ ಲೆಕ್ಕದಲ್ಲಿ ಇಡೀ ತುಂಡು ತುಂಬಾ ಶಾಖ ಕಳೆದುಕೊಂಡ ಹಾಗೆ ಕಾಣುತ್ತದೆ. ಅಷ್ಟು ಶಾಖ ಹೊರಗೆ ಹೋಗಿಲ್ಲ. ಹಾಗಾದರೆ ಜಮಾಖರ್ಚು ಸರಿ ಮಾಡಲು ಪ್ರೋಗ್ರಾಂ ಏನು ಮಾಡುತ್ತದೆ? ಗೆರೆಯ ಇನ್ನೊಂದು ತುದಿಯನ್ನು ಮೇಲೆತ್ತುತ್ತದೆ. ಅಂಗಡಿಯ ಲೆಕ್ಕದಲ್ಲಿ ಕಾಸು ಕಡಿಮೆ ಬಿದ್ದಾಗ ಬೇರೆ ಪುಟದಲ್ಲಿ ಬರೆದು ಸರಿದೂಗಿಸುವವರ ಹಾಗೆ.

ಮ್ಯಾಟ್ರಿಕ್ಸಿನಲ್ಲೇ ಇದು ಕಾಣುತ್ತದೆ. ಪಕ್ಕದ ನೋಡಿನ ಜಾಗದಲ್ಲಿ ಹರಿಯುವ ಲೆಕ್ಕ ಮೈನಸ್ 1 ಇಡುತ್ತದೆ, ಹಿಡಿಯುವ ಲೆಕ್ಕ ಪ್ಲಸ್ 1 ಇಡುತ್ತದೆ. ಮೈನಸ್ ಇದ್ದರೆ ಪಕ್ಕದವನು ತಣಿದಾಗ ನಾನೂ ತಣಿಯುತ್ತೇನೆ. ಪ್ಲಸ್ ಇದ್ದರೆ ಉಲ್ಟಾ. ಹರಿಯುವ ಲೆಕ್ಕವನ್ನು ಟೈಮ್ ಸ್ಟೆಪ್‌ನಿಂದ ಗುಣಿಸುತ್ತೇವಲ್ಲ, ಸ್ಟೆಪ್ ಸಣ್ಣದಾದಷ್ಟೂ ಮೈನಸ್ ಸೊರಗುತ್ತದೆ. ಒಂದು ಹಂತದ ಕೆಳಗೆ ಪ್ಲಸ್ ಗೆಲ್ಲುತ್ತದೆ. ಆ ಹಂತ ಯಾವುದು ಅಂದರೆ: ತುಂಡಿನ ಉದ್ದದ ವರ್ಗವನ್ನು, ಶಾಖ ಹಬ್ಬುವ ವೇಗದ ಅಂಕೆಯ 6 ಪಟ್ಟಿನಿಂದ ಭಾಗಿಸಿ. 10 ಸೆಂಟಿಮೀಟರ್ ಕಾಂಕ್ರೀಟಿಗೆ ಸುಮಾರು 2,000 ಸೆಕೆಂಡು. ಅರ್ಧ ಗಂಟೆಗಿಂತ ಸ್ವಲ್ಪ ಜಾಸ್ತಿ. ನಾನು ಇಟ್ಟಿದ್ದು 60.

ಡಿಕ್ಕಿಯ ಲೆಕ್ಕದಲ್ಲಿ ಸ್ಟೆಪ್ ಇದಕ್ಕಿಂತ ದೊಡ್ಡದು ಬೇಡ ಅಂತ ಗೆರೆ. ಇಲ್ಲಿ ಇದಕ್ಕಿಂತ ಸಣ್ಣದು ಬೇಡ ಅಂತ ಗೆರೆ. ಎರಡೂ ಕಡೆ ಗೆರೆ ಎಳೆಯುವುದು ತುಂಡಿನ ಅಳತೆ. ಇಷ್ಟು ವರ್ಷ ಕೆಲಸ ಮಾಡಿಯೂ ಇದನ್ನು ನಾನು ಒಂದು ಕೈಯಲ್ಲಿ ಮಾತ್ರ ಕಲಿತಿದ್ದೆ.

ಸರಿ ಮಾಡಲು ದಾರಿಗಳಿವೆ. ಅರ್ಧ ಗಂಟೆಗಿಂತ ದೊಡ್ಡ ಸ್ಟೆಪ್ ಇಡಬಹುದು, ಆದರೆ ಆಗ ಮಳೆಯ ಮೊದಲ ಹತ್ತು ನಿಮಿಷ ಕಣ್ಣಿಗೆ ಬೀಳುವುದಿಲ್ಲ. 2, 1, 1, 2 ಬದಲು 3, 0, 0, 3 ಬರೆಯಬಹುದು. ಪಕ್ಕದ ಮನೆಯ ಆ ಪ್ಲಸ್ ಒಂದೇ ಇಲ್ಲವಾಗುತ್ತದೆ. ಇದಕ್ಕೆ ಲಂಪಿಂಗ್ ಅನ್ನುತ್ತಾರೆ. ಹಲ್ಲು ಮಾಯ, ಆದರೆ 10 ಸೆಂಟಿಮೀಟರ್ ತುಂಡಿನೊಳಗಿನ 7 ಮಿಲಿಮೀಟರ್ ಕತೆ ಆಗಲೂ ಗೊತ್ತಾಗುವುದಿಲ್ಲ. ಚಂದ ಕಾಣುತ್ತದೆ ಅಷ್ಟೇ. ನನಗೆ ಬೇಕಿದ್ದದ್ದು ಆ ಕತೆಯೇ. ಬಿರುಕು ಹುಟ್ಟುವುದು ಅಲ್ಲಿ ತಾನೇ? ಹಾಗಾಗಿ ಮೇಲಿನ 20 ಸೆಂಟಿಮೀಟರಿಗೆ ಒಂದೊಂದು ಸೆಂಟಿಮೀಟರಿನ ತುಂಡು ಹಾಕಿ, ಕೆಳಗೆ 10ರದ್ದನ್ನೇ ಬಿಟ್ಟೆ. ಸ್ಟೆಪ್ 60 ಸೆಕೆಂಡೇ ಇರಲಿ. ಈಗ ಮಳೆ ಬಿದ್ದರೆ ತಂಪು ಮೆಲ್ಲಗೆ ಇಳಿಯತೊಡಗಿತು, ಪತ್ರೊಡೆಯೊಳಗೆ ಬಿಸಿ ಇಳಿದ ಹಾಗೆ.

ಒಂದು ಸ್ಟೆಪ್‌ನಿಂದ ಮುಂದಿನದಕ್ಕೆ ದಾಟಲು ಕ್ರ್ಯಾಂಕ್ ಮತ್ತು ನಿಕೋಲ್ಸನ್ 1947ರಲ್ಲಿ ಕೊಟ್ಟ ವಿಧಾನವನ್ನೂ ಹಾಕಿ ನೋಡಿದೆ. ನಿಕೋಲ್ಸನ್ ಹೆಂಗಸು, ಫಿಲ್ಲಿಸ್ ನಿಕೋಲ್ಸನ್. ತುಂಬಾ ಜನ ಗಂಡಸು ಅಂದುಕೊಂಡಿರುತ್ತಾರೆ, ನಾನೂ ಅಂದುಕೊಂಡಿದ್ದೆ. ಅವರ ವಿಧಾನ ಹೆಚ್ಚು ನಿಖರ, ಆದರೆ ಒಮ್ಮೆಲೇ ಬರುವ ಹೊಡೆತಕ್ಕೆ ದೊಡ್ಡ ಸ್ಟೆಪ್ ಇಟ್ಟರೆ ಕಾಲದಲ್ಲಿ ಏರಿಳಿತ ಬರುತ್ತದೆ. ನಮ್ಮ ಊರಿನ ಮಳೆ ಒಮ್ಮೆಲೇ ಬರುವ ಜಾತಿಯದ್ದು. ನಾನು ಮೊದಲು ಹಾಕಿದ್ದ ಒರಟು ವಿಧಾನವೇ ಸಾಕು ಅಂತ ಬಿಟ್ಟೆ.

ಇನ್ನು ಮೇಸ್ತ್ರಿಯವರ ಕತೆ.

ಲೆಕ್ಕ ಹೇಳಿತು: ಮೇಲ್ಮೈಯನ್ನು ತಣಿಸಬೇಡಿ, ಬೆಚ್ಚಗೆ ಇಡಿ. ನಡು ತಾನಾಗಿ ನಿಧಾನ ಇಳಿಯಲಿ. ಸೈಟಿನಲ್ಲಿ ಇದನ್ನು ಹೇಳಿದಾಗ ಮೇಸ್ತ್ರಿಯವರು ನಕ್ಕೇಬಿಟ್ಟರು. ಮೂವತ್ತು ವರ್ಷದಿಂದ ಕಾಂಕ್ರೀಟ್ ಹಾಕಿದವರು. ಸ್ಲ್ಯಾಬು ಹಾಕಿದ ಮಾರನೇ ದಿನ ಕಟ್ಟೆ ಕಟ್ಟಿ ನೀರು ನಿಲ್ಲಿಸುವುದು ಅವರ ಕ್ರಮ. "ಅಲ್ಲ ಮೇಡಂ, ಐಸ್ ಹಾಕಿ ತಣ್ಣಗೆ ಮಾಡಿದ್ದೂ ನೀವೇ. ಈಗ ಬಿಸಿ ಆದದ್ದಕ್ಕೆ ಕಂಬಳಿ ಹೊದಿಸಿ ಅನ್ನುವುದೂ ನೀವೇ. ಜ್ವರ ಬಂದವನಿಗೆ ಒದ್ದೆ ಬಟ್ಟೆ ಹಾಕುವುದಾ, ಕಂಬಳಿ ಹಾಕುವುದಾ?"

ನಾನು ಹೇಳಿದೆ, "ಕಾದ ಗಾಜಿನ ಚಿಮಿಣಿಗೆ ನೀರು ಚಿಮುಕಿಸ್ತೀರಾ ಅಣ್ಣ?"

ಒಂದು ಗಳಿಗೆ ಸುಮ್ಮನಾದರು. "ಒಡೀತದೆ" ಅಂದರು. ಮತ್ತೆ ವಾದ ಮಾಡಲಿಲ್ಲ. ಅವರ ಕ್ರಮ ಸ್ಲ್ಯಾಬಿಗೆ ಸರಿಯೇ. ಎರಡು ಗಂಟೆಯಲ್ಲಿ ತಣಿಯುವ ವಸ್ತುವಿಗೆ ಮಾಡಿದ ಕ್ರಮ ಅದು. ಪೈಲ್ ಕ್ಯಾಪಿಗೆ ತಣ್ಣೀರು ನಿಲ್ಲಿಸಿ ಅಂತ ಡ್ರಾಯಿಂಗಿನಲ್ಲಿ ಬರೆದದ್ದು ಮೇಸ್ತ್ರಿ ಅಲ್ಲ, ನಾನು.

ಹೊದಿಸಲು ಏನು? ಥರ್ಮಾಕೋಲ್ ಹಾಳೆ ಬೇಕಾದಷ್ಟು ಸಿಗಲಿಲ್ಲ. ಮೇಸ್ತ್ರಿಯವರೇ ಉಪಾಯ ಮಾಡಿದರು. ದಕ್ಕೆಯಿಂದ ಮೀನಿನ ಹಳೆ ಥರ್ಮಾಕೋಲ್ ಪೆಟ್ಟಿಗೆಗಳ ಮುಚ್ಚಳ ಲಾರಿ ತುಂಬಾ ತರಿಸಿದರು. ಕೆಳಗೆ ಪ್ಲಾಸ್ಟಿಕ್, ಅದರ ಮೇಲೆ ಮುಚ್ಚಳ, ಸಂದುಗಳಿಗೆ ಬೈಹುಲ್ಲು, ಎಲ್ಲದರ ಮೇಲೆ ಟಾರ್ಪಾಲು. ಸೈಟಿಡೀ ಮೀನು ವಾಸನೆ. ಮಾರನೇ ದಿನದಿಂದ ಕದ್ರಿಯ ಬೆಕ್ಕುಗಳೆಲ್ಲ ಅಲ್ಲಿ. ಮೀನಿನ ಆಸೆಗೆ ಬಂದವು ಬೆಚ್ಚನೆಯ ಹಾಸಿಗೆ ನೋಡಿ ಅಲ್ಲೇ ಮಲಗಿದವು. ಟಾರ್ಪಾಲಿನ ಕೆಳಗೆ ಏಳೆಂಟು ಬೆಕ್ಕು ಸಾಲಾಗಿ.

ನಡುವಿನಲ್ಲಿ, ಮೇಲಿನಿಂದ 5 ಸೆಂಟಿಮೀಟರ್ ಕೆಳಗೆ, ತಳದಲ್ಲಿ, ಹೀಗೆ ಮೂರು ಕಡೆ ತಾಪಮಾನ ಅಳೆಯುವ ಥರ್ಮೋಕಪಲ್ ವಯರು ಹೂತಿದ್ದೆವು. ಅರ್ಧ ಗಂಟೆಗೊಮ್ಮೆ ತಾನೇ ಬರೆದುಕೊಳ್ಳುವ ಡಬ್ಬಿ. ನನ್ನ ಲೆಕ್ಕ ನಡುವಿಗೆ 66 ಡಿಗ್ರಿ ಹೇಳಿತ್ತು, 64ಕ್ಕೆ ನಿಂತಿತು. ಮೇಲೆ 48. ಅಂತರ 16. ನನಗೆ ರೆಕ್ಕೆ ಬಂದಿತ್ತು.

ಮೂರನೇ ರಾತ್ರಿ ಗಾಳಿ ಮಳೆ ಬಂತು. ಮುಂಗಾರು ಅಲ್ಲ, ಅದಕ್ಕಿಂತ ಮೊದಲು ಬರುವ ಗುಡುಗಿನ ಮಳೆ. ನಮ್ಮ ಮನೆಯಲ್ಲಿ ಕರೆಂಟು ಹೋಯಿತು. ಹೆಂಚಿನ ಮೇಲೆ ತೆಂಗಿನ ಗರಿ ಬಿದ್ದ ಸದ್ದಿಗೆ ಎಚ್ಚರವಾದವಳು ಮತ್ತೆ ನಿದ್ದೆ ಮಾಡಲಿಲ್ಲ. ಬೆಳಿಗ್ಗೆ ಆರಕ್ಕೆ ಸೈಟಿಗೆ ಹೋದರೆ ಮೂಡು ಮೂಲೆಯ ಟಾರ್ಪಾಲು ಹಾರಿ ಕಬ್ಬಿಣದ ರಾಶಿಯ ಮೇಲೆ ಬಿದ್ದಿತ್ತು. ಥರ್ಮಾಕೋಲ್ ಮುಚ್ಚಳಗಳು ಪಕ್ಕದ ಮನೆಯ ಅಂಗಳದಲ್ಲಿ. ಬೆಕ್ಕುಗಳು ಒಂದೂ ಇಲ್ಲ. ಕಾವಲಿನವನು ಎರಡೂವರೆಗೆ ಹಾರಿದ್ದು ಅಂದ. ಡಬ್ಬಿಯಲ್ಲೂ ಅದೇ ಇತ್ತು. ಎರಡೂವರೆಗೆ 48, ಮೂರಕ್ಕೆ 43, ಐದಕ್ಕೆ 36. ನಡು ಮಾತ್ರ 64ರಲ್ಲೇ, ಏನೂ ಆಗದವರ ಹಾಗೆ.

ಆ ಮೂಲೆಯಲ್ಲಿ ಕೂದಲೆಳೆ ಬಿರುಕು ಐದಾರು. ಮೇಸ್ತ್ರಿಯವರು ಬೆರಳಿಟ್ಟು ನೋಡಿ ನನ್ನ ಕಡೆ ತಿರುಗಿದರು. ಏನೂ ಹೇಳಲಿಲ್ಲ, ಒಳ್ಳೆಯದಾಯಿತು. ತಕ್ಷಣ ಮತ್ತೆ ಹೊದಿಸಿ, ಈ ಸಲ ಮರಳು ಚೀಲ ಹೇರಿದೆವು.

ಆಫೀಸಿಗೆ ಬಂದು ಡಬ್ಬಿಯ ಅಂಕಿಗಳನ್ನೇ ಮೇಲ್ಮೈಗೆ ಕೊಟ್ಟು ಮತ್ತೆ ಓಡಿಸಿದೆ. ಎಳೆತ ತಡೆಯುವ ಮಿತಿಯನ್ನು ದಾಟಿದ್ದು ಮೇಲಿನ ನಾಲ್ಕು ಸೆಂಟಿಮೀಟರ್ ಮಾತ್ರ, ಅದೂ ಬೆಳಗಿನ ಜಾವ ಮೂರೂವರೆಯಿಂದ ಆಚೆಗೆ. ಕಬ್ಬಿಣ ಇನ್ನೂ ಕೆಳಗೆ ಇದೆ. ಲೆಕ್ಕವನ್ನು ಇಪ್ಪತ್ತು ದಿನ ಮುಂದೆ ಓಡಿಸಿದರೆ ನಡು ತಣಿದು ಕುಗ್ಗುತ್ತಾ ಬಂದ ಹಾಗೆ ಮೇಲ್ಮೈ ಒತ್ತಡಕ್ಕೆ ತಿರುಗಿತು. ಹಾಗಾದರೆ ಬಿರುಕು ತಾನಾಗಿ ಮುಚ್ಚಿಕೊಳ್ಳಬೇಕು. ಮುಚ್ಚಿಕೊಂಡಿತು ಕೂಡ. ಜೂನ್ ಮಧ್ಯದಲ್ಲಿ ಮಾಲೀಕರ ಕಡೆಯ ಇಂಜಿನಿಯರು ಬಂದು ರಾಫ್ಟಿನ ಮೇಲೆಲ್ಲ ನಡೆದು, ಒಂದು ಗೆರೆಯೂ ಇಲ್ಲವಲ್ಲ ಅಂತ ಹೊಗಳಿದರು. ನಮ್ಮ ವರದಿಯಲ್ಲಿ ಗೆರೆ ಇದ್ದ ಜಾಗದ ಫೋಟೋ, ದಿನಾಂಕ, ಗಂಟೆ ಎಲ್ಲ ಇತ್ತು. ಅವರು ಅದನ್ನು ಓದಿರಲಿಲ್ಲ.

ಆ ಪ್ರೋಗ್ರಾಂ ಈಗಲೂ ಬಳಕೆಯಲ್ಲಿ ಇದೆ. ಹೋದ ವರ್ಷ ಮಲ್ಪೆ ಕಡೆಯ ಒಂದು ಹಳೆ ಮನೆಯ ಕಂಬಗಳಿಗೆ ಹಾಕಿದೆ. ಸಮುದ್ರದ ಉಪ್ಪು ಕಾಂಕ್ರೀಟಿನೊಳಗೆ ಇಳಿದು ಕಬ್ಬಿಣ ಮುಟ್ಟುವುದಕ್ಕೂ ಇದೇ ಸಮೀಕರಣ. ಡಿಗ್ರಿಯ ಜಾಗದಲ್ಲಿ ಉಪ್ಪು. ಹಬ್ಬುವ ವೇಗ ಮಾತ್ರ ಶಾಖಕ್ಕಿಂತ ಲಕ್ಷಾಂತರ ಪಟ್ಟು ಕಡಿಮೆ, ಹಾಗಾಗಿ ಗಂಟೆಯ ಬದಲು ವರ್ಷ. ಮೊದಲ ಸಲ ಓಡಿಸಿದಾಗ ಉಪ್ಪು ಮೈನಸ್‌ಗೆ ಹೋಯಿತು. ಈ ಸಲ ಊಟ ಬಿಡಲಿಲ್ಲ. ಸ್ಟೆಪ್ ನೋಡಿದೆ, ತುಂಡು ನೋಡಿದೆ, ಸರಿ ಮಾಡಿ ಊಟಕ್ಕೆ ಹೋದೆ.

ಕದ್ರಿಯ ಕಟ್ಟಡದಲ್ಲಿ ಈಗ ಜನ ಇದ್ದಾರೆ. ರಾಫ್ಟಿನ ಮೇಲೆ ಕಾರು ನಿಲ್ಲಿಸುತ್ತಾರೆ. ಥರ್ಮೋಕಪಲ್ ವಯರುಗಳನ್ನು ಮೇಲ್ಮೈಗೆ ಸಮನಾಗಿ ಕತ್ತರಿಸಿದ್ದೆವು, ಅದರ ಮೇಲೆ ಯಾರೋ ಬಿಳಿ ಪೇಂಟಿನಲ್ಲಿ 14 ಅಂತ ನಂಬರ್ ಬರೆದಿದ್ದಾರೆ. ಮೊನ್ನೆ ಬೇರೆ ಕೆಲಸಕ್ಕೆ ಹೋದವಳು ಹುಡುಕಿಕೊಂಡು ಹೋಗಿ ನೋಡಿದೆ. ಬಗ್ಗಿ ನೋಡಿದರೆ ಲೋಹದ ಎರಡು ಚುಕ್ಕಿ ಈಗಲೂ ಕಾಣುತ್ತವೆ. ಹೊರಗೆ ಮಳೆ ಸುರಿಯುತ್ತಿತ್ತು. ಆಗಷ್ಟೇ ಬಂದು ನಿಂತ ಕಾರಿನ ಬಾನೆಟ್ ಮೇಲೆ ಬೆಕ್ಕೊಂದು ಮಲಗಿತ್ತು.